ಪತ್ರಗಳೂ ಶ್ರುತವೇ: ರಾಜೀವ ತಾರಾನಾಥರ ನೆನಪಿನಲ್ಲಿ

2024ರ ಜೂನ್ 11, ಜ್ಯೇಷ್ಠ ಶುದ್ಧ ಪಂಚಮಿ. ಜೈನರಿಗೆ ಅದು ಶ್ರುತಪಂಚಮಿ. ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುವ ದಿನ. ಅದೇ ದಿನ ಮೈಸೂರಿನಲ್ಲಿ ಸರೋದ್ ವಾದಕ ಪಂಡಿತ ರಾಜೀವ ತಾರಾನಾಥರು ತೀರಿಕೊಂಡರು. ಅವರಿಗೆ 91 ವರ್ಷ ತುಂಬಿತ್ತು. ಎರಡೂ ಒಂದೇ ದಿನ ಕೂಡಿಬಂದುದು ಕಾಕತಾಳೀಯವಷ್ಟೆ. ಆದರೂ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಗುರುಮುಖದಿಂದ ಕೇಳಿ ಕಲಿತ ವಿದ್ಯೆಯನ್ನೇ ಬಾಳಾಗಿಸಿಕೊಂಡವರು ಅಗಲಿದಾಗ, ಅವರಿಂದ ನಾವು ಉಳಿಸಿಕೊಳ್ಳಬೇಕಾದುದೇನು?

ಈ ಹಬ್ಬದ ಮೂಲದಲ್ಲೇ ಅದಕ್ಕೊಂದು ಸೂಚನೆಯಿದೆ. ತಮ್ಮೊಡನೆ ಶ್ರುತಜ್ಞಾನವೂ ಅಳಿದುಹೋದೀತೆಂಬ ಆತಂಕದಿಂದ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಬೋಧಿಸಿದರು. ಆ ಇಬ್ಬರು ಅದನ್ನು ಷಟ್‌ಖಂಡಾಗಮವಾಗಿ ಗ್ರಂಥಸ್ಥಗೊಳಿಸಿದರು. ಕೇಳಿದ್ದು ಬರೆಹವಾದ ಗಳಿಗೆಯನ್ನೇ ನಾವು ಇಂದಿಗೂ ಪೂಜಿಸುತ್ತಿದ್ದೇವೆ.

ರಾಜೀವ ತಾರಾನಾಥರ ಬದುಕು ಇಂಥ ಎರಡು ಲೋಕಗಳ ನಡುವೆ ಹರಡಿಕೊಂಡಿತ್ತು. ತಂದೆ ಪಂಡಿತ ತಾರಾನಾಥರು ತುಂಗಭದ್ರೆಯ ಪ್ರೇಮಾಯತನ ಆಶ್ರಮವನ್ನು ಕಟ್ಟಿದವರು. ಮಗ ಇಂಗ್ಲಿಷ್ ಸಾಹಿತ್ಯ ಓದಿ, ಎಲಿಯಟ್‌ನ ಕಾವ್ಯವನ್ನು ಕುರಿತು ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ತಿರುಚಿರಾಪಳ್ಳಿ, ಏಡನ್, ಹೈದರಾಬಾದುಗಳಲ್ಲಿ ಪಾಠ ಹೇಳಿದರು. ಕನ್ನಡ ನವ್ಯದ ಲೇಖಕರ ಒಡನಾಡಿಯಾಗಿ ವಿಮರ್ಶೆ ಬರೆದರು. 'ಸಂಸ್ಕಾರ', 'ಪಲ್ಲವಿ' ಚಿತ್ರಗಳಿಗೆ ಸಂಗೀತ ನೀಡಿದರು. ಕೊನೆಗೆ ಪ್ರಾಧ್ಯಾಪಕ ವೃತ್ತಿಯನ್ನೇ ತೊರೆದು ಸರೋದಿಗೆ ತಮ್ಮನ್ನು ಪೂರ್ಣವಾಗಿ ಒಪ್ಪಿಸಿಕೊಂಡರು. ಅವರ ಗುರು ಅಲಿ ಅಕ್ಬರ್ ಖಾನರು 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಕಾಲೇಜು ತೆರೆದಿದ್ದರು. ಮುಂದೆ ಶಿಷ್ಯರೂ ಅದೇ ರಾಜ್ಯದ ಕಲಾಸಂಸ್ಥೆಯೊಂದರಲ್ಲಿ 1995ರಿಂದ 2005ರವರೆಗೆ ಭಾರತೀಯ ಸಂಗೀತ ವಿಭಾಗವನ್ನು ನಡೆಸಿದರು.

ಈ ವಿವರಗಳು ಯಾವ ಪರಿಚಯ ಲೇಖನದಲ್ಲಿಯೂ ಸಿಗುತ್ತವೆ. ಕೊನೆಯಲ್ಲಿ 2019ರ ಪದ್ಮಶ್ರೀಯೂ ಸೇರುತ್ತದೆ. ಆದರೆ ಕಾವ್ಯವಿಮರ್ಶೆಯಲ್ಲಿ ಪಳಗಿದ ಮನಸ್ಸು ಸ್ವರದ ಮುಂದೆ ಕುಳಿತಾಗ ಏನನ್ನು ಕಂಡುಕೊಂಡಿತು? ಸಂಬಳದ ಕೆಲಸವನ್ನು ಬಿಡುವ ಮುನ್ನ ಎಷ್ಟು ತೊಳಲಾಡಿತು? ಧ್ವನಿಮುದ್ರಿಕೆ ರಾಗವನ್ನು ಉಳಿಸುತ್ತದೆ, ಅಚ್ಚಾದ ಲೇಖನ ನಿಲುವನ್ನು ಉಳಿಸುತ್ತದೆ. ನಿಲುವು ರೂಪುಗೊಳ್ಳುವ ಮುನ್ನಿನ ಸಂದೇಹ ಉಳಿಯುವುದು ಪತ್ರಗಳಲ್ಲಿ ಮಾತ್ರ. ಊರಿಂದೂರಿಗೆ, ದೇಶದಿಂದ ದೇಶಕ್ಕೆ ನೆಲೆ ಬದಲಿಸಿದ ಆ ತಲೆಮಾರಿನವರಿಗೆ ಗುರುವಿನೊಡನೆ, ಗೆಳೆಯರೊಡನೆ, ಊರಿನೊಡನೆ ಇದ್ದ ಎಳೆಯೆಂದರೆ ಅಂಚೆಯೇ.

ಆ ಎಳೆ ಹೇಗೆ ತುಂಡಾಗುತ್ತದೆಂಬುದನ್ನು ನಾನು ಹುಳಿಮಾವಿನಲ್ಲಿಯೇ ಕಂಡಿದ್ದೇನೆ. ಜಯನಗರ, ಬನಶಂಕರಿಗಳ ಹಳೆಯ ಮನೆಗಳು ಉರುಳಿ, ಸಂಸಾರಗಳು ನಮ್ಮ ಕಡೆಯ ಅಪಾರ್ಟ್‌ಮೆಂಟುಗಳಿಗೆ ಬಂದಾಗ ಅಟ್ಟದ ಕಾಗದಗಳಿಗೆ ಇಲ್ಲಿ ಜಾಗವಿರುವುದಿಲ್ಲ. ಒಮ್ಮೆ ಗುಜರಿ ಅಂಗಡಿಯ ತಕ್ಕಡಿಯಲ್ಲಿ ವೃತ್ತಪತ್ರಿಕೆಗಳ ನಡುವೆ ಇನ್‌ಲ್ಯಾಂಡ್ ಪತ್ರಗಳ ಕಟ್ಟೊಂದು ತೂಗುತ್ತಿತ್ತು. ಯಾರದೋ ನಲವತ್ತು ವರ್ಷಗಳ ಮಾತು ಕಿಲೋ ಲೆಕ್ಕದಲ್ಲಿ ಹೋಯಿತು. ನೋಡುತ್ತ ನಿಂತೆ, ಕೊಂಡು ತರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಬಂಗಾಳಿಗಳು ಈ ವಿಷಯದಲ್ಲಿ ನಮಗಿಂತ ಮೊದಲೇ ಎಚ್ಚೆತ್ತರು. ಸಂಗೀತದಲ್ಲಿ ಮಾತಿನ ಸ್ಥಾನವೇನೆಂದು ರವೀಂದ್ರನಾಥ ಠಾಕೂರರೂ ಲಖನೌ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಧೂರ್ಜಟಿಪ್ರಸಾದ ಮುಖರ್ಜಿಯವರೂ ಪತ್ರಗಳಲ್ಲಿ ವಾದಿಸಿದರು. ಆ ಪತ್ರಗಳು 1935ರಲ್ಲಿಯೇ 'ಸುರ್ ಓ ಸಂಗತಿ' ಎಂಬ ಪುಸ್ತಕವಾದವು. ಇಂದಿಗೂ ಅವರ ಸಂಗೀತಚಿಂತನೆಗೆ ಅದು ಆಕರಗ್ರಂಥ.

ಖಾಸಗಿ ಪತ್ರಗಳನ್ನು ಬಯಲಿಗೆಳೆಯುವುದು ಸರಿಯೆ ಎಂಬ ಆಕ್ಷೇಪ ನ್ಯಾಯವಾದುದೇ. ಬರೆದವರಿಗೆ, ಪಡೆದವರಿಗೆ, ಅವರ ಮನೆಯವರಿಗೆ ಹಕ್ಕುಗಳಿವೆ. ಆದರೆ ಸಂರಕ್ಷಣೆ ಬೇರೆ, ಪ್ರಕಟಣೆ ಬೇರೆ. ಪತ್ರಗಳನ್ನು ಪಡೆದು, ಪಟ್ಟಿಮಾಡಿ, ಮನೆಯವರು ಹೇಳಿದಷ್ಟು ಕಾಲ ಮುಚ್ಚಿಡಬಹುದು. ಮುಚ್ಚಿಟ್ಟದ್ದನ್ನು ಮುಂದೆ ತೆರೆಯಬಹುದು. ಗುಜರಿಗೆ ಹೋದದ್ದನ್ನು ಯಾರೂ ತೆರೆಯಲಾರರು.

ಹಾಗೆಂದು ಬರಿಯ ಸಂರಕ್ಷಣೆಗೇ ತೃಪ್ತರಾಗಬಾರದು. ಷಟ್‌ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳನ್ನು ಮೂಡಬಿದಿರೆ ಶತಮಾನಗಳ ಕಾಲ ಕಾಪಾಡಿತು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಬಹುಕಾಲ ಅವು ದರ್ಶನಕ್ಕೆ ದೊರೆಯುತ್ತಿದ್ದುವೇ ಹೊರತು ಓದಿಗಲ್ಲ. ಪ್ರತಿಗಳು ಹೊರಬಂದು, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿದ ಮೇಲೆಯೇ ಆ ವಿದ್ಯೆ ಲೋಕಕ್ಕೆ ದಕ್ಕಿತು. ಕಾಪಾಡಿದವರಿಗೂ ತೆರೆದವರಿಗೂ ನಾವು ಸಮಾನವಾಗಿ ಋಣಿಗಳು. ಕಲಾವಿದರಿಗೆ ಶಾಲು ಹೊದಿಸಿ, ಹಾರ ಹಾಕಿ, ಅವರ ಚಿಂತನೆಯನ್ನು ಓದದೆ ಬಿಡುವ ನಮ್ಮ ರೂಢಿಯೂ ಬರಿಯ ದರ್ಶನವೇ.

ಆದುದರಿಂದ ನನ್ನ ಸಲಹೆ ಇಷ್ಟು. ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ಮತ್ತು ಸಂಗೀತ ವಿಭಾಗಗಳು ಜೊತೆಗೂಡಿ, ರಾಜೀವ ತಾರಾನಾಥರಿಂದಲೇ ಮೊದಲುಮಾಡಿ, ವಿದ್ವಾಂಸ ಕಲಾವಿದರ ಪತ್ರಗಳನ್ನು ಹುಡುಕಲಿ. ತಾರೀಖು, ಸ್ಥಳ, ಟಿಪ್ಪಣಿಗಳೊಡನೆ ಒಂದು ಪತ್ರಸಂಪುಟವನ್ನು ಸಂಪಾದಿಸುವುದನ್ನೂ ಪಿಎಚ್.ಡಿ.ಗೆ ತಕ್ಕ ಕೆಲಸವೆಂದು ಒಪ್ಪಲಿ. ಅವರೊಡನೆ ಪತ್ರವ್ಯವಹಾರ ಮಾಡಿದವರಲ್ಲಿ ಅನೇಕರು ಈಗಾಗಲೇ ಇಲ್ಲ. ಅವರ ಮಕ್ಕಳು ಮನೆ ಖಾಲಿಮಾಡುವ ಮುನ್ನ ಈ ಕೆಲಸವಾಗಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ನಾಡು ಇದು. ಅವಳಷ್ಟು ದಾನ ನಮ್ಮಿಂದ ಆಗದಿದ್ದರೂ, ಮುಂದಿನ ಶ್ರುತಪಂಚಮಿಯಂದು ನಮ್ಮ ಅಟ್ಟದ ಕಾಗದದ ಕಟ್ಟೊಂದನ್ನು ಕೆಳಗಿಳಿಸಿ, ಧೂಳು ಕೊಡವಿ, ಓದಿ ನೋಡುವುದು ಆದೀತು.