ಬರದ್ರ ಏನ ಸಿಗತೈತಿ?

ನಮ್ಮ ಹತ್ತರಗಿ ಕಡೆ ಬರೆಯುವ ಹುಚ್ಚು ಇರುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಸಿಕೊಳ್ಳಲೇಬೇಕು. ಕೇಳುವವರದೂ ತಪ್ಪಿಲ್ಲ ಬಿಡಿ. ಕಬ್ಬು ಕಳಿಸಿದರೆ ಬಿಲ್ಲು ಬರುತ್ತದೆ, ಎಮ್ಮೆ ಕಟ್ಟಿದರೆ ಹಾಲು ಬರುತ್ತದೆ, ನೌಕರಿ ಮಾಡಿದರೆ ಪಗಾರ ಬರುತ್ತದೆ. ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತು ಒಂದು ಗಂಟೆ ಕನ್ನಡ ಕುಟ್ಟಿದರೆ ಏನು ಬರುತ್ತದೆ? "ಆತ್ಮತೃಪ್ತಿ" ಅಂತ ಹೇಳಿ ನಾವು ಪಾರಾಗುತ್ತೇವೆ. ನನಗೆ ಯಾಕೋ ಆ ಉತ್ತರ ಸಾಕೆನಿಸುವುದಿಲ್ಲ...

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೂ ದುಡ್ಡು ಕೊಡದೆ, ಯಾರೂ ಹೇಳದೆ, ನಮ್ಮಷ್ಟಕ್ಕೆ ನಾವು ಬರೆದದ್ದು ನಮ್ಮ ನೌಕರಿಯನ್ನು ಖಂಡಿತ ಬದಲಿಸುತ್ತದೆ. ಯಾರೋ ದೊಡ್ಡವರು ಓದಿ, ಮೆಚ್ಚಿ, ಫೋನ್ ಮಾಡಿ ಕೆಲಸ ಕೊಡುತ್ತಾರೆ ಅಂತ ಕಾಯುತ್ತಾ ಕೂತರೆ ಮಾತ್ರ ಮುದುಕರಾಗುತ್ತೇವೆ :-) ಆಗುವುದೇ ಬೇರೆ. ಬರೆಯುತ್ತಾ ಹೋದಂತೆ ನಾವು ದಿನಾ ಮಾಡುವ ಕೆಲಸವೇ ನಮಗೆ ಹೊಸದಾಗಿ ಕಾಣತೊಡಗುತ್ತದೆ. ಹಾಗೆ ಕಂಡವನು ಆ ಕೆಲಸವನ್ನು ಮೊದಲಿನಂತೆ ಮಾಡಲಾರ. ಆದರೆ ಒಂದು ಷರತ್ತು: ನಮಗೆ ಹತ್ತಿರದಿಂದ ಗೊತ್ತಿರುವುದನ್ನು ಬರೆಯಬೇಕು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಘಟಪ್ರಭೆಯ ದಂಡೆಯ ಘೋಡಗೇರಿ ನಮ್ಮ ಹುಕ್ಕೇರಿ ತಾಲೂಕಿನದೇ ಊರು. ಚಂದ್ರಶೇಖರ ಕಂಬಾರರು 1937ರಲ್ಲಿ ಅಲ್ಲಿಯ ಕಮ್ಮಾರ ಮನೆತನದಲ್ಲಿ ಹುಟ್ಟಿದರು. ಗೋಕಾಕದಲ್ಲಿ ಓದುವಾಗ ಬಡತನದಿಂದ ಶಾಲೆ ಬಿಡುವ ಪ್ರಸಂಗ ಬಂತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಖರ್ಚು ವಹಿಸಿಕೊಂಡು ಮತ್ತೆ ಓದಿಗೆ ಹಚ್ಚಿದರು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಥೆ.

ನಾನು ಹೇಳಬೇಕೆಂದಿರುವುದು ಅದರ ಮುಂದಿನದು. ಆ ಹುಡುಗನ ಕೈಯಲ್ಲಿ ಏನಿತ್ತು? ಬಯಲಾಟ, ಲಾವಣಿ, ಡೊಳ್ಳಿನ ಹಾಡು, ಸಂಗ್ಯಾಬಾಳ್ಯಾ, ಪಾರಿಜಾತ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇವರ ಸೀಮೆ ಇದು. ಊರಿನಲ್ಲಿ ಇವನ್ನು ಯಾರೂ ವಿದ್ಯೆ ಅಂತ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ರಾತ್ರಿ ಕಳೆಯುವ ದಾರಿ, ಅಷ್ಟೇ. ಕಂಬಾರರು ಅದನ್ನೇ ಬರೆದರು. ಕಾವ್ಯಕ್ಕೆ ಊರಿನ ಮಾತನ್ನೇ ತಂದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದ್ದು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎರಡು ದಶಕ ಇದ್ದರು, 1985ರಲ್ಲಿ ಕನ್ನಡ ಜಾನಪದ ವಿಶ್ವಕೋಶ ಸಂಪಾದಿಸಿ ಕೊಟ್ಟರು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆದಾಗ ಅದರ ಮೊದಲ ಕುಲಪತಿ ಆದವರು ಇವರೇ. 2010ನೇ ಸಾಲಿನ ಜ್ಞಾನಪೀಠ ಆಮೇಲಿನ ಮಾತು.

ಕನ್ನಡ ಎಂ.ಎ. ಮಾಡಿದವರು ಆ ಕಾಲದಲ್ಲಿ ಬೇರೆಯವರೂ ಇದ್ದರು. ಪದವಿ ಇಲ್ಲದಿದ್ದರೆ ಮೇಷ್ಟರ ಕೆಲಸ ಸಿಗುತ್ತಿರಲಿಲ್ಲ, ಅದು ಖರೆ. ಆದರೆ ಪದವಿಯ ಜೊತೆಗೆ ಘೋಡಗೇರಿಯೂ ಇದ್ದದ್ದರಿಂದ ಆ ನೌಕರಿಗೆ ಒಂದು ದಿಕ್ಕು ಬಂತು ಅಂತ ನನಗನಿಸುತ್ತದೆ. ಊರಿನದು ಅಂತ ಬಿಟ್ಟು ಹೋಗಬಹುದಾಗಿದ್ದ ಸರಕೇ ಅವರ ವೃತ್ತಿಯ ಬಂಡವಾಳ ಆಯಿತು.

ಎಲ್ಲರಿಗೂ ಹೀಗೇ ಆಗಬೇಕು ಅಂತಿಲ್ಲ. ಕೃಷ್ಣಮೂರ್ತಿ ಪುರಾಣಿಕರನ್ನು ನೋಡಿ. ಗೋಕಾಕದ ಶಾಲೆಯಲ್ಲಿ ಮಾಸ್ತರರಾಗಿದ್ದುಕೊಂಡೇ ಕಾದಂಬರಿಯ ಮೇಲೆ ಕಾದಂಬರಿ ಬರೆದರು. 1962ರ 'ಕರುಣೆಯೇ ಕುಟುಂಬದ ಕಣ್ಣು', 1963ರ 'ಕುಲವಧು', 1977ರ 'ಸನಾದಿ ಅಪ್ಪಣ್ಣ' ಮೂರೂ ಅವರ ಕಥೆಗಳ ಮೇಲೆ ನಿಂತ ಸಿನಿಮಾಗಳು. ಇಡೀ ರಾಜ್ಯ ಟಾಕೀಸಿನಲ್ಲಿ ಕೂತು ಕಣ್ಣೊರೆಸಿಕೊಂಡ ಕಥೆಗಳನ್ನು ಬರೆದವರು ಗೋಕಾಕದ ಒಬ್ಬ ಮಾಸ್ತರರು. ಬರವಣಿಗೆ ಒಂದು ಕಡೆ, ಪಾಠ ಒಂದು ಕಡೆ. ಎರಡೂ ನಡೆದವು.

ಇನ್ನು ಬಸವರಾಜ ಕಟ್ಟೀಮನಿ. 1919ರಲ್ಲಿ ಹುಟ್ಟಿದ, ಗೋಕಾಕ ತಾಲೂಕಿನ ಮಲಾಮರಡಿಯವರು. ಹೊಟ್ಟೆಪಾಡಿಗೆ ಪತ್ರಿಕೆಗಳಲ್ಲಿ ದುಡಿದರು. ಆ ದುಡಿಮೆಯಲ್ಲಿ ಕಂಡದ್ದೇ 'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ ವಸ್ತು ಆಯಿತು. ಪತ್ರಿಕಾ ಕಚೇರಿಯ ಒಳಗಿನ ಪಾಡು ಅದು. 1968ರಲ್ಲಿ ಅದಕ್ಕೆ ಸೋವಿಯತ್ ಲ್ಯಾಂಡ್ ನೆಹರು ಪ್ರಶಸ್ತಿ ಬಂತು. 1980ರಲ್ಲಿ ಬೆಳಗಾವಿಯಲ್ಲಿ 52ನೇ ಸಾಹಿತ್ಯ ಸಮ್ಮೇಳನ ನಡೆದಾಗ ಅವರೇ ಅಧ್ಯಕ್ಷರು.

ಒಬ್ಬರಿಗೆ ಬರವಣಿಗೆ ನೌಕರಿಗೆ ದಾರಿ ತೋರಿಸಿತು, ಒಬ್ಬರಿಗೆ ನೌಕರಿಯ ಪಕ್ಕದಲ್ಲಿ ಸುಮ್ಮನೆ ಹರಿಯಿತು, ಒಬ್ಬರಿಗೆ ನೌಕರಿಯೇ ಬರೆಯಲು ಸರಕು ಕೊಟ್ಟಿತು. ಮೂವರೂ ಬರೆದದ್ದು ತಾವು ಕಂಡುಂಡದ್ದನ್ನು.

ಇದನ್ನೆಲ್ಲ ನಮ್ಮ ಅಣ್ಣನ ಮಗನಿಗೆ ಹೇಳಿದರೆ ಅವನ ಉತ್ತರ ತಯಾರು: "ಅವ್ರು ದೊಡ್ಡವ್ರ ಬಿಡ್ರಿ ಕಾಕಾ. ನಾನು ಡಿಪ್ಲೊಮಾ ಹುಡುಗ. ನಾ ಕಾದಂಬರಿ ಬರೀಲೇನ್ರಿ?"

ಬ್ಯಾಡಪ್ಪ, ಕಾದಂಬರಿ ಬ್ಯಾಡ! ಸಾಹಿತ್ಯದ ಗೊಡವೆಯೇ ಇಲ್ಲದವರ ಉದಾಹರಣೆಯೂ ಇದೆ. ಡಾ. ಯು. ಬಿ. ಪವನಜ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು, ಓದಿದ್ದು ರಸಾಯನಶಾಸ್ತ್ರ. 1996ರಲ್ಲಿ ತಮ್ಮ ಆಸಕ್ತಿಗೆ ಅಂತ 'ವಿಶ್ವಕನ್ನಡ' ಅಂತರಜಾಲ ಪತ್ರಿಕೆ ಶುರು ಮಾಡಿದರು. ಆಗ ಕನ್ನಡ ಅಕ್ಷರ ಪರದೆಯ ಮೇಲೆ ನೆಟ್ಟಗೆ ಮೂಡುವುದೇ ಒಂದು ಸಾಹಸ. ಮರುವರ್ಷ ಆ ಗಟ್ಟಿ ನೌಕರಿ ಬಿಟ್ಟು ಕನ್ನಡದ ಗಣಕ ಕೆಲಸಕ್ಕೇ ನಿಂತರು. ಇವತ್ತು ನಾವು ನೀವು ಫಾಂಟಿನ ಗೋಳಿಲ್ಲದೆ ಯುನಿಕೋಡಿನಲ್ಲಿ ಬರೆಯುತ್ತಿದ್ದೇವಲ್ಲ, ಅದರ ಹಿಂದೆ ಇಂಥ ಹಲವರ ಬಿಡುವಿನ ವೇಳೆಯ ಹುಚ್ಚಿದೆ.

ಹಾಗಂತ ನಾಳೆಯೇ ನೌಕರಿ ಬಿಡಿ ಅಂತ ನಾನು ಹೇಳುತ್ತಿಲ್ಲ. ನನ್ನದೇ ಸಣ್ಣ ಅನುಭವ ಹೇಳುತ್ತೇನೆ. ನಾನು ಒಂದು ಸಣ್ಣ ಪತ್ತಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ಕೌಂಟರಿಗೆ ಬರುವವರ ಪ್ರಶ್ನೆಗಳು ವರ್ಷಾನುಗಟ್ಟಲೆ ಅವವೇ. ಒಂದು ದಿನ ಅವನ್ನು ಬರೆದಿಡೋಣ ಅನ್ನಿಸಿತು. ಮೊದಲು ಬರೆದದ್ದು ಬಡ್ಡಿಯ ಬಗ್ಗೆ.

ಒಂದು ಲಕ್ಷ ಸಾಲ, ಒಂದು ವರ್ಷ, ಶೇಕಡಾ 12 ಬಡ್ಡಿ, ತಿಂಗಳ ಕಂತು. ಫ್ಲ್ಯಾಟ್ ಬಡ್ಡಿ ಆದರೆ ವರ್ಷಕ್ಕೆ 12,000 ರೂಪಾಯಿ ಬಡ್ಡಿ, ತಿಂಗಳಿಗೆ ಸುಮಾರು 9,333 ಕಂತು. ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕಿದರೆ ಕಂತು ಸುಮಾರು 8,885, ಇಡೀ ವರ್ಷದ ಬಡ್ಡಿ ಸುಮಾರು 6,620 ಮಾತ್ರ. ಎರಡೂ ಕಡೆ ಬೋರ್ಡಿನ ಮೇಲೆ ಇರುವುದು "ಶೇ. 12" ಅಂತಲೇ! ಯಾಕೆ ಹೀಗೆ? ಪ್ರತಿ ತಿಂಗಳು ಅಸಲು ತೀರುತ್ತಾ ಬರುತ್ತದೆ, ಆದರೆ ಫ್ಲ್ಯಾಟ್ ಲೆಕ್ಕದಲ್ಲಿ ತೀರಿಸಿದ ಅಸಲಿಗೂ ಕೊನೆಯ ತನಕ ಬಡ್ಡಿ ಕಟ್ಟುತ್ತಲೇ ಇರುತ್ತೀರಿ. ಇಷ್ಟನ್ನು ನಮ್ಮ ಭಾಷೆಯಲ್ಲಿ ಅರ್ಧ ಪುಟಕ್ಕೆ ಇಳಿಸಲು ನನಗೆ ನಾಲ್ಕು ರಾತ್ರಿ ಬೇಕಾಯಿತು.

ಆಮೇಲೆ ಜಾಮೀನಿನ ಬಗ್ಗೆ ಬರೆದೆ. ನಮ್ಮಲ್ಲಿ ಬೀಗರ ಮುಖ ನೋಡಿ, ಗೆಳೆತನಕ್ಕೆ ಅಂತ ಸಹಿ ಹಾಕುವವರು ಬಹಳ. ಸಾಕ್ಷಿ ಸಹಿಗೂ ಜಾಮೀನು ಸಹಿಗೂ ಏನು ಫರಕು ಅಂತ ಕೇಳಿದರೆ ಎಷ್ಟೋ ಜನರಿಗೆ ಗೊತ್ತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಸಾಲ ತೆಗೆದವನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅವನು ಕಟ್ಟದಿದ್ದರೆ ನೋಟೀಸು ನಿಮ್ಮ ಮನೆಗೂ ಬರಬಹುದು.

ಇವನ್ನು ಬರೆದದ್ದಕ್ಕೆ ನನಗೆ ಬಡ್ತಿ ಸಿಗಲಿಲ್ಲ, ಪಗಾರವೂ ಏರಲಿಲ್ಲ. ಆದರೆ ಬರೆಯುವಾಗ ನಮ್ಮ ಸಾಲದ ಅರ್ಜಿಯನ್ನು ಮೊದಲ ಸಲ ಸಾಲಗಾರನ ಕಣ್ಣಿನಿಂದ ಓದಿದೆ. ಅದರ ಕನ್ನಡ ಯಾರಿಗೂ ಅರ್ಥವಾಗುವಂತಿರಲಿಲ್ಲ. ಹೊಸದಾಗಿ ಬರೆದು ಚೇರಮನ್ನರ ಮುಂದೆ ಇಟ್ಟೆ. ಓದಿ, "ಇದು ಚಲೋ ಐತೆಲ್ರಿ, ಇದನ್ನ ಛಾಪಿಸ್ರಿ" ಅಂದರು. ಈಗ ಸಹಿಗೆ ಮೊದಲು ಜಾಮೀನುದಾರರನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತಾಡುವುದು ನನ್ನ ಪಾಲಿನ ಕೆಲಸ. ಅಕ್ಕಪಕ್ಕದ ಊರಿನ ಸೊಸೈಟಿಯವರೂ ಒಮ್ಮೊಮ್ಮೆ ಕರೆಯುತ್ತಾರೆ. ಹುದ್ದೆ ಅದೇ ಗುಮಾಸ್ತನದು. ಆದರೆ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕಾಲು ಮೊದಲಿನಂತೆ ಎಳೆಯುವುದಿಲ್ಲ. ಇದನ್ನು ವೃತ್ತಿಯಲ್ಲಿ ಮುಂದೆ ಬಂದದ್ದು ಅನ್ನಬೇಕೋ ಬೇಡವೋ ನೀವೇ ಹೇಳಿ.

ಇಷ್ಟು ಹೇಳಿ ಅಪಾಯದ ಮಾತು ಹೇಳದಿದ್ದರೆ ಅನ್ಯಾಯ. ಬರೆದು ನೌಕರಿ ಕಳೆದುಕೊಂಡವರೂ ಇದ್ದಾರೆ. ಅಮೆರಿಕದ ಹೆದರ್ ಆರ್ಮ್‌ಸ್ಟ್ರಾಂಗ್ ತನ್ನ ಆಫೀಸಿನವರ ಬಗ್ಗೆ 'ಡೂಸ್' ಅನ್ನುವ ತನ್ನ ತಾಣದಲ್ಲಿ ಬರೆದು 2002ರಲ್ಲಿ ಕೆಲಸ ಕಳೆದುಕೊಂಡಳು. ಹೀಗೆ ಕೆಲಸ ಹೋಗುವುದಕ್ಕೆ 'ಡೂಸ್ಡ್' ಅನ್ನುವ ಪದವೇ ಹುಟ್ಟಿತು. ಮುಂದೆ ಅದೇ ಬರವಣಿಗೆ ಅವಳ ಜೀವನೋಪಾಯವೂ ಆಯಿತು ಅನ್ನುವುದು ಬೇರೆ ಮಾತು. ನಮ್ಮ ದೇಶದಲ್ಲಿ 2005ರಲ್ಲಿ ಗೌರವ್ ಸಬ್ನಿಸ್ ಒಂದು ಖಾಸಗಿ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಯ ಜಾಹೀರಾತುಗಳನ್ನು ಪ್ರಶ್ನಿಸಿ ಬರೆದರು. ಆ ಸಂಸ್ಥೆ ಅವರ ಕಂಪನಿಯ ಮೇಲೆ ಒತ್ತಡ ತಂದಿತು. ಕಂಪನಿಗೆ ತನ್ನಿಂದ ತೊಂದರೆ ಬೇಡ, ಬರೆದದ್ದನ್ನು ಅಳಿಸುವುದೂ ಇಲ್ಲ ಅಂತ ಅವರೇ ರಾಜೀನಾಮೆ ಕೊಟ್ಟರು. ಆಮೇಲೆ ಅಮೆರಿಕದಲ್ಲಿ ಓದಿ ಅಲ್ಲೇ ಪ್ರಾಧ್ಯಾಪಕರಾದರು. ಎಲ್ಲರ ಕಥೆಯೂ ಹೀಗೆ ಸುಖಾಂತ್ಯ ಆಗುವುದಿಲ್ಲ ಅನ್ನುವುದು ನೆನಪಿರಲಿ. ನಮ್ಮಲ್ಲಿ ಬರೆಯುವವರಲ್ಲಿ ಶಿಕ್ಷಕರು, ಸರ್ಕಾರಿ ನೌಕರರು ಬಹಳ. ರಾಜ್ಯ ಸರ್ಕಾರಿ ನೌಕರರ ನಡತೆ ನಿಯಮಗಳು 2021ರಲ್ಲಿ ಹೊಸದಾಗಿ ಬಂದಿವೆ. ಅವನ್ನು ಒಮ್ಮೆ ಓದಿಕೊಂಡೇ ಬರೆಯಿರಿ.

ಊರಲ್ಲಿದ್ದು ಬರೆಯುವವರಿಗೆ ಇನ್ನೊಂದು ತೊಡಕಿದೆ. ಬೆಂಗಳೂರಿನಲ್ಲಾದರೆ ಹೆಸರು ಬಿಟ್ಟರೆ ಸಾಕು, ಗುರುತು ಸಿಗುವುದಿಲ್ಲ. ಇಲ್ಲಿ "ಅಗಸಿ ಹತ್ರದ ಎರಡ ಟ್ರ್ಯಾಕ್ಟರಿನ ಮನಿ" ಅಂದರೆ ಇಡೀ ಊರಿಗೇ ಗೊತ್ತು. ಅದಕ್ಕೇ ನಾನು ಸೊಸೈಟಿಯ ಯಾವ ಸದಸ್ಯರ ಕಥೆಯನ್ನೂ ಬರೆಯುವುದಿಲ್ಲ, ಲೆಕ್ಕವನ್ನು ಮಾತ್ರ ಬರೆಯುತ್ತೇನೆ. ಜನರು ನಂಬಿ ಹೇಳಿದ್ದು ನನ್ನ ಸರಕಲ್ಲ. ಆ ನಂಬಿಕೆ ಹೋದರೆ ನೌಕರಿಯೂ ಹೋಯಿತು, ಬರೆಯುವ ಹಕ್ಕೂ ಹೋಯಿತು.

ಈಗ 'ಪರ್ಸನಲ್ ಬ್ರ್ಯಾಂಡಿಂಗ್' ಅಂತ ಒಂದು ಹೊಸ ಮಂತ್ರ ಬಂದಿದೆ. ನೌಕರಿ ಬೇಕಾದರೆ ದಿನಾ ಏನಾದರೂ ಬರೆದು ಹಾಕಬೇಕಂತೆ, ಸೋತ ಕಥೆ ಒಂದು, ಗೆದ್ದ ಕಥೆ ಒಂದು, ಕೊನೆಗೆ ಐದು ನೀತಿ! ಓದಿದರೆ ಎಲ್ಲರದೂ ಒಂದೇ ಅಚ್ಚು. ಮೇಲಾಗಿ ಈಗ ಎಐಗೆ ಹೇಳಿದರೆ ನಿಮಿಷದಲ್ಲಿ ಅಂಥ ಹತ್ತು ಬರೆದು ಕೊಡುತ್ತದೆ. ನಾನು ಎಐ ವಿರೋಧಿ ಅಲ್ಲ. ಆದರೆ ನನ್ನ ಕೌಂಟರಿನಲ್ಲಿ ನಿಂತ ಅಜ್ಜಿ ಪಾಸ್‌ಬುಕ್ ತಿರುಗಿಸಿ ತಿರುಗಿಸಿ ನೋಡಿ ಏನು ಕೇಳಿದಳು ಅನ್ನುವುದು ಅದಕ್ಕೆ ಗೊತ್ತಿಲ್ಲ, ನನಗೆ ಗೊತ್ತು. ಅದನ್ನು ನಾನು ಬರೆಯದಿದ್ದರೆ ಇನ್ಯಾರೂ ಬರೆಯುವುದಿಲ್ಲ.

ಯೋಚಿಸಿ ನೋಡಿ. ಹಿಡಕಲ್ ಡ್ಯಾಮಿನ ಕಾಲುವೆ ನೀರು ಬಿಡುವವರು, ಹೈವೇ ಟೋಲಿನಲ್ಲಿ ರಾತ್ರಿ ಪಾಳಿ ಮಾಡುವವರು, ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರದವರು, ಮೋಟಾರು ವೈಂಡಿಂಗ್ ಮಾಡುವವರು, ಆಶಾ ಕಾರ್ಯಕರ್ತೆಯರು... ಇವರ ಕೆಲಸದ ಒಳಗುಟ್ಟು ಕನ್ನಡದಲ್ಲಿ ಎಲ್ಲಿದೆ? ಕವಿತೆ ನಮ್ಮಲ್ಲಿ ಬೇಕಾದಷ್ಟಿದೆ, ಸಿನಿಮಾ ವಿಮರ್ಶೆ ಬೇಕಾದಷ್ಟಿದೆ. ಕೆಲಸದ ಕನ್ನಡ ಕಡಿಮೆ. ಡಿಪ್ಲೊಮಾ ಹುಡುಗ ಸುಟ್ಟ ಮೋಟಾರನ್ನು ಬಿಚ್ಚಿ ಅದು ಯಾಕೆ ಸುಟ್ಟಿತು ಅಂತ ರೈತನಿಗೆ ತಿಳಿಯುವಂತೆ ಒಂದು ಪುಟ ಬರೆಯಲಿ. ಬರೆಯಲು ಕೂತಾಗಲೇ ತನಗೆ ಎಷ್ಟು ಗೊತ್ತಿದೆ ಅನ್ನುವುದು ಅವನಿಗೆ ತಿಳಿಯುತ್ತದೆ. ಹಾಗೆ ನೂರು ಪುಟ ಬರೆದವನನ್ನು ನಾಳೆ ಕೆಲಸಕ್ಕೆ ಕರೆಯುವವರಿಗೆ ಅವನ ಅಂಕಪಟ್ಟಿಗಿಂತ ಆ ನೂರು ಪುಟ ಹೆಚ್ಚು ಹೇಳೀತು. ಯಾರೂ ಕರೆಯದಿದ್ದರೂ ಅವನು ಮೊದಲಿಗಿಂತ ಒಳ್ಳೆಯ ಕೆಲಸಗಾರನಂತೂ ಆಗಿರುತ್ತಾನೆ. ಅದನ್ನು ಯಾರೂ ಕಸಿದುಕೊಳ್ಳಲಾರರು.

ನಿಮ್ಮ ಕೆಲಸದ ಬಗ್ಗೆ ನೀವು ಕೊನೆಯ ಸಲ ಬರೆದದ್ದು ಯಾವಾಗ? ಬ್ಯಾಂಕಿನವರು, ಆಸ್ಪತ್ರೆಯವರು, ಸಾಫ್ಟ್‌ವೇರಿನವರು, ಒಲೆ ಮುಂದೆ ನಿಂತವರು... ಮುಂದಿನ ವಾರ ಕವಿತೆಗೆ ಒಂದು ದಿನ ಸೂಟಿ ಕೊಟ್ಟು ಅದನ್ನು ಬರೆಯುತ್ತೀರಾ? ಓದಲು ನಾನಂತೂ ಇದ್ದೇನೆ.