ಕಾಳಿ ನದಿಯ ಥ್ರಿಲ್ ಯಾರ ಪಾಲಿಗೆ?

ದುಬೈ, ಸಿಂಗಾಪುರದಲ್ಲಿ ರೋಲರ್ ಕೋಸ್ಟರ್ ಹತ್ತಿ ಬಂದವರು ಈಗ ದಾಂಡೇಲಿಗೆ ರಾಫ್ಟಿಂಗ್‌ಗೆ ಬರ್ತಾರೆ. ಬರಲಿ. ಆದರೆ ಆ ನೀರು ಎಲ್ಲಿಂದ ಬಂತು ಅಂತ ಕೇಳ್ರಿ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೇನೇ ರಾಫ್ಟ್ ಓಡೋದು. ಅದರ ಹಿನ್ನೀರಲ್ಲಿ ಸೂಪಾ ಊರೇ ಮುಳುಗಿದೆ, ಜನ ರಾಮನಗರಕ್ಕೆ ಗಂಟುಮೂಟೆ ಕಟ್ಟಿದರು.

ಜೋಯಿಡಾದ ಕುಣಬಿಗಳು ಎಸ್‌ಟಿ ಸ್ಥಾನಮಾನ ಕೇಳಿ ಕೇಳಿ ಸೋತಿದ್ದಾರೆ. ಹಳಿಯಾಳ, ಮುಂಡಗೋಡದ ಸಿದ್ದಿಗಳಿಗೆ ಅದು ಸಿಕ್ಕಿದ್ದೇ 2003ರಲ್ಲಿ. ರೆಸಾರ್ಟಿನ ಕ್ಯಾಂಪ್‌ಫೈರ್‌ಗೆ ಸಿದ್ದಿಗಳ ಡಮಾಮಿ ಬೇಕು, ಲಾಭದಲ್ಲಿ ಪಾಲು ಮಾತ್ರ ಬೇಡ!

ದುಡ್ಡು ಕೊಟ್ಟವರಿಗೆ ಭಯ ಎರಡು ನಿಮಿಷದ ಆಟ. ಹುಲಿ ಯೋಜನೆಯ ಕಾಡೊಳಗಿನವರಿಗೆ ಒಕ್ಕಲೆಬ್ಬಿಸುವ ಭಯ ಜೀವನವಿಡೀ.

2006ರ ಅರಣ್ಯ ಹಕ್ಕು ಕಾಯ್ದೆಯಂತೆ ಮೊದಲು ಹಕ್ಕುಪತ್ರ ಕೊಡಿ. ಗ್ರಾಮಸಭೆ ಒಪ್ಪದೆ ಹೊಸ ರೆಸಾರ್ಟ್ ಬೇಡ. ಪ್ರವಾಸೋದ್ಯಮದಲ್ಲಿ ನಮ್ಮವರು ಬರೀ ಕೂಲಿಗಳಲ್ಲ, ಮಾಲೀಕರೂ ಆಗಬೇಕು.

ಜೈ ಭೀಮ್.