ಹೊಗೆಯಿಲ್ಲದ ಗಾಡಿಗೆ ಪರೀಕ್ಷೆಯ ಶುಲ್ಕವೇಕೆ?

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ಸಹಪಾಠಿಯೊಬ್ಬರು ಈಚೆಗೆ ನಮಗೊಂದು ಪತ್ರ ಬರೆದಿದ್ದರು. ಮೂರು ವರ್ಷಗಳ ಹಿಂದೆ ಅವರು ವಿದ್ಯುತ್ತಿನಿಂದ ನಡೆಯುವ ಕಾರೊಂದನ್ನು ಕೊಂಡರು. ಅಲ್ಲಿಯ ಕಾನೂನಿನಂತೆ ಮೂರು ವರ್ಷ ತುಂಬಿದ ಕಾರನ್ನು ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಬೇಕು. ಅದರ ಶುಲ್ಕ ಹೆಚ್ಚೆಂದರೆ 54.85 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು ಆರು ಸಾವಿರ ರೂಪಾಯಿ. “ಪೆಟ್ರೋಲು ಕಾರಿಗೂ ಅಷ್ಟೇ, ನನ್ನ ಕಾರಿಗೂ ಅಷ್ಟೇ. ಆದರೆ ಪೆಟ್ರೋಲು ಕಾರಿನ ಹೊಗೆಯನ್ನು ಯಂತ್ರವಿಟ್ಟು ಅಳೆಯುತ್ತಾರೆ; ನನ್ನದಕ್ಕೆ ಹೊಗೆಯ ಕೊಳವೆಯೇ ಇಲ್ಲ. ಮಾಡದ ಕೆಲಸಕ್ಕೆ ಕೂಲಿ ಕೊಟ್ಟಂತಾಯಿತಲ್ಲ!” ಎಂದು ಅವರು ಪೇಚಾಡಿಕೊಂಡಿದ್ದರು.

ಈ ಪತ್ರವನ್ನು ನಾವು ತರಗತಿಯಲ್ಲಿ ಓದಿ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಕೇಳಿದೆವು. ಬಹುಮಂದಿ ನಮ್ಮ ಸ್ನೇಹಿತರ ಪಕ್ಷವನ್ನೇ ಹಿಡಿದರು. ಹೊಗೆಯಿಲ್ಲ, ಗೇರುಗಳ ಗೋಜಿಲ್ಲ, ಎಂಜಿನ್ನಿನ ಎಣ್ಣೆಯಿಲ್ಲ. ಹೀಗಿರುವಾಗ ಪರೀಕ್ಷೆಯೇ ಅನಾವಶ್ಯಕವೆಂದು ಕೆಲವರು ವಾದಿಸಿದರು. ಮೇಲುನೋಟಕ್ಕೆ ಇದು ನ್ಯಾಯವೆಂದೇ ತೋರುತ್ತದೆ. ಆದರೆ ಭೌತಶಾಸ್ತ್ರದ ತಕ್ಕಡಿಯಲ್ಲಿಟ್ಟು ತೂಗಿದರೆ ಇದರಲ್ಲಿ ಅರ್ಧ ಸರಿ, ಅರ್ಧ ತಪ್ಪು ಎಂಬುದು ನಮ್ಮ ನಂಬಿಕೆ. ಆ ಎರಡು ಅರ್ಧಗಳನ್ನೂ ಬಿಡಿಸಿ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆ ಪರೀಕ್ಷೆ ಹುಟ್ಟಿದ ಬಗೆಯನ್ನು ನೋಡೋಣ. ಬ್ರಿಟನ್ನಿನಲ್ಲಿ ಅದು ಆರಂಭವಾದದ್ದು 1960ರಲ್ಲಿ. ಆಗ ಹತ್ತು ವರ್ಷ ದಾಟಿದ ಗಾಡಿಗಳನ್ನು ಮಾತ್ರ ಕರೆಸಿ, ಬ್ರೇಕು, ದೀಪ, ಚಾಲನ ಚಕ್ರ ಇವಿಷ್ಟನ್ನು ನೋಡುತ್ತಿದ್ದರು. ಹತ್ತು ವರ್ಷವೆಂಬುದು ಹಂತಹಂತವಾಗಿ ತಗ್ಗಿ 1967ರಲ್ಲಿ ಮೂರು ವರ್ಷಕ್ಕೆ ಇಳಿಯಿತು. ಮರುವರ್ಷ ಟೈರುಗಳೂ ಪಟ್ಟಿಗೆ ಸೇರಿದವು. ಹೊಗೆಯಲ್ಲಿರುವ ಅನಿಲಗಳನ್ನು ಅಳೆಯುವ ಕ್ರಮ ಬಂದದ್ದಾದರೋ 1991ರಲ್ಲಿ. ಎಂದರೆ ಮೊದಲ ಮೂವತ್ತು ವರ್ಷಗಳ ಕಾಲ ಹೊಗೆಯ ಅಳತೆಯಿಲ್ಲದೆಯೇ ಈ ಪರೀಕ್ಷೆ ನಡೆದುಬಂದಿತು. ಗಾಡಿಯನ್ನು ನಿಲ್ಲಿಸಬಹುದೆ, ತಿರುಗಿಸಬಹುದೆ, ಕತ್ತಲಲ್ಲಿ ಎದುರಿನವರಿಗೆ ಅದು ಕಾಣುವುದೆ ಎಂಬ ಮೂರು ಪ್ರಶ್ನೆಗಳೇ ಅದರ ಬೇರು. ಗಾಡಿ ಯಾವ ಶಕ್ತಿಯಿಂದ ಓಡಿದರೂ ಈ ಮೂರು ಪ್ರಶ್ನೆಗಳಿಂದ ಅದು ತಪ್ಪಿಸಿಕೊಳ್ಳಲಾರದು.

ಇನ್ನು ಲೆಕ್ಕಕ್ಕೆ ಬರೋಣ. 1,200 ಕಿಲೋಗ್ರಾಮಿನ ಪೆಟ್ರೋಲು ಕಾರೊಂದು ಗಂಟೆಗೆ 72 ಕಿಲೋಮೀಟರ್, ಎಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗುತ್ತಿದೆಯೆನ್ನಿ. ಅದರ ಚಲನಶಕ್ತಿ, ವಾಚಕರಿಗೆಲ್ಲ ಪರಿಚಿತವಾದ ಸೂತ್ರದಂತೆ, 2,40,000 ಜೂಲು. ಅದೇ ಗಾತ್ರದ ವಿದ್ಯುತ್ ಕಾರಿನಲ್ಲಿ ಬ್ಯಾಟರಿಯೇ ಕೆಲವು ನೂರು ಕಿಲೋಗ್ರಾಂ ತೂಗುತ್ತದೆ. ಒಟ್ಟು 1,500 ಕಿಲೋಗ್ರಾಂ ಎಂದು ಹಿಡಿದರೆ ಅದೇ ವೇಗಕ್ಕೆ ಚಲನಶಕ್ತಿ 3,00,000 ಜೂಲು, ಕಾಲುಭಾಗ ಹೆಚ್ಚು. ಈ ಶಕ್ತಿಯನ್ನು ಅವಸರದಲ್ಲಿ ತಡೆದು ನಿಲ್ಲಿಸಬೇಕಾದದ್ದು ಬ್ರೇಕು. ನೆಲವನ್ನು ಕಚ್ಚಿ ಹಿಡಿಯಬೇಕಾದದ್ದು ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳು. ನಿಂತಲ್ಲಿಂದ ಒಮ್ಮೆಗೇ ಪೂರ್ಣ ಬಲ ಕೊಡುವುದು ವಿದ್ಯುತ್ ಮೋಟಾರಿನ ಗುಣ. ಅದಕ್ಕೆ ಭಾರವೂ ಸೇರಿದರೆ ಟೈರಿನ ಸವೆತ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಬ್ರೇಕಿನ ಕತೆಯಂತೂ ಇನ್ನೂ ವಿಚಿತ್ರವಾದದ್ದು. ವಿದ್ಯುತ್ ಕಾರಿನ ಚಾಲಕನು ವೇಗವನ್ನು ಇಳಿಸುವಾಗ ಮೋಟಾರು ತಾನೇ ಡೈನಮೋ ಆಗಿ ಚಲನಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯೇ ಇಲ್ಲಿ ಬ್ರೇಕಿನ ಕೆಲಸವನ್ನು ಮಾಡುತ್ತದೆ. ಇದು ನಿಜಕ್ಕೂ ಸೊಗಸಾದ ಏರ್ಪಾಡು. ಆದರೆ ಇದರಿಂದಾಗಿ ಚಕ್ರದ ಬಳಿಯಿರುವ ಎರಕದ ಕಬ್ಬಿಣದ ಬ್ರೇಕು ಬಿಲ್ಲೆಗಳಿಗೆ ದಿನಗಟ್ಟಲೆ ಕೆಲಸವೇ ಇಲ್ಲದಂತಾಗುತ್ತದೆ. ಮೂಲೆಯಲ್ಲಿಟ್ಟ ಕುಡುಗೋಲು ತುಕ್ಕು ಹಿಡಿಯುವುದನ್ನು ಯಾವ ರೈತನ ಮಗನಿಗೂ ಹೇಳಿಕೊಡಬೇಕಾಗಿಲ್ಲ. ಉಜ್ಜಾಟವಿಲ್ಲದ ಈ ಬಿಲ್ಲೆಗಳ ಗತಿಯೂ ಅದೇ, ಅದರಲ್ಲಿಯೂ ಮಳೆಯ ನಾಡುಗಳಲ್ಲಿ. ಮಗುವೊಂದು ಅಡ್ಡ ಬಂದು ಪೂರ್ಣ ಬಲದಿಂದ ಬ್ರೇಕು ಹಾಕಬೇಕಾದ ಆ ಒಂದು ಕ್ಷಣದಲ್ಲಿ ಮೋಟಾರಿನ ನೆರವೊಂದೇ ಸಾಲದು, ಆ ಬಿಲ್ಲೆಗಳು ಬೇಕೇ ಬೇಕು. ಸವೆಯದಿರುವುದರಿಂದಲೇ ಕೆಡುವ ಭಾಗವಿದು. ಚಾಲಕನ ಅನುಭವಕ್ಕೆ ಈ ದೋಷ ಬರುವುದಿಲ್ಲ. ಪರೀಕ್ಷಕನ ಕಣ್ಣಿಗೆ ಬರುತ್ತದೆ.

ಇದು ಬರಿಯ ಊಹೆಯಲ್ಲ. ಜರ್ಮನಿಯಲ್ಲಿ ಕಾರಿಗೆ ಮೂರು ವರ್ಷವಾದಾಗ ಮೊದಲ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಅಲ್ಲಿಯ ತಪಾಸಣಾ ಸಂಸ್ಥೆಗಳ ಒಕ್ಕೂಟವಾದ ಟ್ಯೂವ್ 2023ರ ಕೊನೆಯಲ್ಲಿ ಹೊರತಂದ ವರದಿಯಲ್ಲಿ, ಎರಡು ಮೂರು ವರ್ಷ ವಯಸ್ಸಿನ ಕಾರುಗಳ ಪೈಕಿ ಕೊನೆಯ ಸ್ಥಾನ ದೊರೆತದ್ದು ಟೆಸ್ಲಾ ಮಾಡೆಲ್ 3 ಎಂಬ ಹೆಸರಾಂತ ವಿದ್ಯುತ್ ಕಾರಿಗೆ. ತಪಾಸಣೆಗೆ ಬಂದ ಆ ಜಾತಿಯ ಕಾರುಗಳಲ್ಲಿ ನೂರಕ್ಕೆ 14.7ರಲ್ಲಿ ಗಣನೀಯ ದೋಷಗಳಿದ್ದವು. ದೋಷಗಳು ಕಂಡದ್ದು ಮೋಟಾರಿನಲ್ಲಲ್ಲ. ದೀಪ, ಬ್ರೇಕು, ಅಚ್ಚನ್ನು ಹಿಡಿದಿರುವ ಜೋಡಣೆಗಳಂಥ ಹಳೆಯ ಕಾಲದ ಅಂಗಗಳಲ್ಲಿ. ಎಣ್ಣೆ ಬದಲಾಯಿಸುವ ನೆಪದಿಂದಲಾದರೂ ಪೆಟ್ರೋಲು ಕಾರು ವರ್ಷಕ್ಕೊಮ್ಮೆ ಮೆಕ್ಯಾನಿಕ್ಕಿನ ಮುಂದೆ ನಿಲ್ಲುತ್ತದೆ. ವಿದ್ಯುತ್ ಕಾರಿಗೆ ಆ ನೆಪವೂ ಇಲ್ಲ.

ಆದುದರಿಂದ ಪರೀಕ್ಷೆಯೇ ಬೇಡವೆಂಬ ವಾದವನ್ನು ನಾವು ಒಪ್ಪಲಾರೆವು. ಬ್ರಿಟನ್ನಿನಲ್ಲಿ 2015ರ ಮಾರ್ಚ್ 1ಕ್ಕೆ ಮೊದಲು ನೋಂದಣಿಯಾದ ವಿದ್ಯುತ್ ಸರಕು ಗಾಡಿಗಳಿಗೆ ಪರೀಕ್ಷೆಯಿಂದ ವಿನಾಯಿತಿಯುಂಟು. ಮುಂಜಾನೆ ಮನೆಮನೆಗೆ ಹಾಲು ಹಂಚುತ್ತ ತೆವಳುತ್ತಿದ್ದ ಬ್ಯಾಟರಿ ಬಂಡಿಗಳ ಕಾಲಕ್ಕೆ ಅಂಥ ವಿನಾಯಿತಿ ಒಪ್ಪುತ್ತಿತ್ತು. ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ವೇಗದಲ್ಲಿ ಧಾವಿಸುವ ಇಂದಿನ ಕಾರಿಗೆ ಅದು ಒಪ್ಪುವುದಿಲ್ಲ.

ಆದರೆ ನಮ್ಮ ಸ್ನೇಹಿತರ ದೂರಿನಲ್ಲಿ ಸತ್ಯವೂ ಇದೆ. ಹೊಗೆಯ ಅಳತೆಯನ್ನು ಬಿಟ್ಟ ಪರೀಕ್ಷಕನು ಆ ಜಾಗದಲ್ಲಿ ಬೇರೆ ಯಾವ ಅಳತೆಯನ್ನು ಮಾಡಿದ? ಹೊರಗೆ ಕಾಣುವ ತಂತಿಗಳನ್ನು ಕಣ್ಣಿನಿಂದ ನೋಡಿದನೇ ಹೊರತು ಬ್ಯಾಟರಿಯ ಆರೋಗ್ಯವನ್ನು ಅಳೆಯಲಿಲ್ಲ. ಪೆಟ್ರೋಲು ಕಾರಿನ ವಿಶೇಷ ಅಪಾಯಕ್ಕೆ ಒಂದು ಅಳತೆಯುಂಟು. ವಿದ್ಯುತ್ ಕಾರಿನ ವಿಶೇಷ ಅಪಾಯಕ್ಕೆ ಇಲ್ಲ. ಆ ಅಪಾಯ ಯಾವುದು?

ವಿದ್ಯುತ್ ಕಾರಿನ ಮುಖ್ಯ ಮಂಡಲದಲ್ಲಿ ಸುಮಾರು 400 ವೋಲ್ಟು ಇರುತ್ತದೆ. ಅದನ್ನು ಗಾಡಿಯ ಲೋಹದ ಮೈಯಿಂದ ಅವಾಹಕ ಹೊದಿಕೆಗಳು ಬೇರ್ಪಡಿಸಿರುತ್ತವೆ. ಏಕಮುಖ ಮತ್ತು ಪರ್ಯಾಯ ಪ್ರವಾಹಗಳೆರಡೂ ಸೇರಿಕೊಂಡಿರುವ ಮಂಡಲದಲ್ಲಿ ಈ ಹೊದಿಕೆಯ ರೋಧವು ಪ್ರತಿ ವೋಲ್ಟಿಗೆ 500 ಓಮಿಗೆ ಕಡಿಮೆಯಿರಬಾರದೆಂದು ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ 100ನೆಯ ಸಂಖ್ಯೆಯ ವಾಹನ ನಿಯಮ ಹೇಳುತ್ತದೆ. 400 ವೋಲ್ಟಿಗೆ ಅದು 2,00,000 ಓಮು. ಓಮನ ನಿಯಮದಂತೆ ಸೋರುವ ಪ್ರವಾಹ ಆಗ ಕೇವಲ 2 ಮಿಲಿ ಆಂಪಿಯರು. ನೀರಿಳಿದೋ ಉಜ್ಜಾಡಿಯೋ ಆ ರೋಧವು 4,000 ಓಮಿಗೆ ಕುಸಿದರೆ 100 ಮಿಲಿ ಆಂಪಿಯರು ಹರಿಯಬಹುದು. ಮನೆಗಳಲ್ಲಿ ಜೀವರಕ್ಷಣೆಗಾಗಿ ಇಡುವ ಸೋರಿಕೆ ತಡೆಯುವ ಸ್ವಿಚ್ಚು 30ಕ್ಕೇ ಪ್ರವಾಹವನ್ನು ಕಡಿದುಬಿಡುತ್ತದೆ ಎಂಬುದನ್ನು ನೆನೆದರೆ ಇದರ ಗಂಭೀರತೆ ತಿಳಿಯುತ್ತದೆ. ಮಂಡಲವು ಗಾಡಿಯ ಮೈಯಿಂದ ಬೇರೆಯಾಗಿರುವುದರಿಂದ ಸೋರಿಕೆ ಒಂದೇ ಕಡೆಯಿದ್ದಾಗ ಮುಟ್ಟಿದವನಿಗೆ ಏನೂ ಆಗುವುದಿಲ್ಲ. ಎರಡನೆಯ ಸೋರಿಕೆ ಬಂದಾಗಲೇ ಅನಾಹುತ. ಮೊದಲನೆಯದು ಸದ್ದಿಲ್ಲದೆ ಕುಳಿತಿರುತ್ತದೆ. ಅಳೆದವನಿಗೆ ಮಾತ್ರ ಕಾಣುತ್ತದೆ. ಈಗಿನ ಕಾರುಗಳಲ್ಲಿ ಇದನ್ನು ಕಾಯುವ ಸಾಧನವಿರುತ್ತದೆ, ನಿಜ. ಆದರೆ ಕಾವಲುಗಾರನು ಎಚ್ಚರವಾಗಿದ್ದಾನೆಯೆ ಎಂದು ನೋಡುವವರೂ ಬೇಕಲ್ಲವೆ?

ಈಗ ಶುಲ್ಕದ ನ್ಯಾಯವನ್ನು ತೀರ್ಮಾನಿಸಬಹುದು. ಇದಕ್ಕೆ ಎರಡು ದಾರಿಗಳುಂಟು. ಜರ್ಮನಿಯಲ್ಲಿ ಹೊಗೆಯ ತಪಾಸಣೆಗೆ ಪ್ರತ್ಯೇಕ ಬೆಲೆ; ವಿದ್ಯುತ್ ಕಾರಿನವರು ಅದನ್ನು ತೆರುವುದಿಲ್ಲ. ಇದು ಲೆಕ್ಕಕ್ಕೆ ಸರಿ. ಎರಡನೆಯ ದಾರಿಯೆಂದರೆ ಶುಲ್ಕವನ್ನು ಸಮನಾಗಿಯೇ ಇಟ್ಟು, ಹೊಗೆಯ ಪಾಲಿನ ಹಣದಿಂದ ಅವಾಹಕತೆಯನ್ನೂ ಬ್ಯಾಟರಿಯನ್ನೂ ಅಳೆಯುವುದು. ನಮಗೆ ಎರಡನೆಯದೇ ಮೇಲೆನಿಸುತ್ತದೆ. ಮೊದಲನೆಯದು ಕೆಲವು ಪೌಂಡುಗಳನ್ನು ಉಳಿಸಿಕೊಡುತ್ತದೆ. ಎರಡನೆಯದು ಆ ಪೌಂಡುಗಳಿಗೆ ಬದಲಾಗಿ ತಿಳಿವಳಿಕೆಯನ್ನು ಕೊಡುತ್ತದೆ. ಆ ತಿಳಿವಳಿಕೆಗೆ ಮಾರುಕಟ್ಟೆಯಲ್ಲಿಯೂ ಬೆಲೆಯುಂಟು. ಹಳೆಯ ವಿದ್ಯುತ್ ಕಾರನ್ನು ಕೊಳ್ಳುವವನು ಮೊದಲು ಕೇಳುವುದೇ ಬ್ಯಾಟರಿಯ ಸ್ಥಿತಿಯನ್ನು. ಚೀನಾದಲ್ಲಿ 2025ರ ಮಾರ್ಚ್ 1ರಿಂದ ಜಾರಿಗೆ ಬಂದ ಮಾನಕವು ಬ್ಯಾಟರಿಯ ಉಷ್ಣತೆ, ವೋಲ್ಟೇಜು ಮತ್ತು ವಿದ್ಯುತ್ ಸುರಕ್ಷತೆಯನ್ನು ತಪಾಸಣೆಯ ಪಟ್ಟಿಗೆ ಸೇರಿಸಿದೆ. ಅದೇ ವರ್ಷದ ಏಪ್ರಿಲಿನಲ್ಲಿ ಐರೋಪ್ಯ ಆಯೋಗವೂ ವಿದ್ಯುತ್ ವಾಹನಗಳಿಗೆ ತಕ್ಕ ತಪಾಸಣೆಯನ್ನು ತರಬೇಕೆಂದು ಸಲಹೆ ಮಾಡಿತು.

ದೂರದ ದೇಶಗಳ ಈ ಚರ್ಚೆ ನಮಗೇಕೆ ಎಂದು ವಾಚಕರು ಕೇಳಬಹುದು. 2001ರಲ್ಲಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ. ಮುಂದೆ ಅದು ಜಿ-ವಿಜ್ ಎಂಬ ಹೆಸರು ಹೊತ್ತು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. ಇಂದು ನಮ್ಮ ಊರುಗಳಲ್ಲಿ ವಿದ್ಯುತ್ ಸ್ಕೂಟರು, ಆಟೋ, ಕಾರುಗಳು ದಿನದಿನಕ್ಕೆ ಹೆಚ್ಚುತ್ತಿವೆ. ಇವುಗಳಿಗೆ ಪ್ರೋತ್ಸಾಹ ನೀಡಲೆಂದು ಕೇಂದ್ರ ಸರ್ಕಾರವು 2021ರ ಆಗಸ್ಟಿನಲ್ಲಿ ಬ್ಯಾಟರಿ ವಾಹನಗಳ ನೋಂದಣಿ ಪತ್ರದ ಶುಲ್ಕವನ್ನು, ಅದರ ನವೀಕರಣದ ಶುಲ್ಕವನ್ನು ಬಿಟ್ಟುಕೊಟ್ಟಿತು. ಇದು ಸ್ವಾಗತಾರ್ಹವೇ. ಆದರೆ ಹಣದ ವಿನಾಯಿತಿ ಬೇರೆ, ಕಣ್ಣಿನ ವಿನಾಯಿತಿ ಬೇರೆ. ನಮ್ಮಲ್ಲಿ ಸ್ವಂತ ಬಳಕೆಯ ಗಾಡಿಗೆ ನೋಂದಣಿ ಹದಿನೈದು ವರ್ಷಗಳವರೆಗೆ ನಡೆಯುತ್ತದೆ. ಅಲ್ಲಿಯ ತನಕ ಅದರ ಬ್ರೇಕನ್ನು ನೋಡುವ ಕಡ್ಡಾಯ ತಪಾಸಣೆಯಿಲ್ಲ. ಪೆಟ್ರೋಲು ಗಾಡಿ ಹೊಗೆ ತಪಾಸಣೆಗಾದರೂ ಹೋಗಿ ಬರುತ್ತದೆ. ವಿದ್ಯುತ್ ಗಾಡಿಗೆ ಅದೂ ಇಲ್ಲ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದಾಗ ಬ್ಯಾಟರಿಯ ಮಾನಕಗಳನ್ನು ಬಿಗಿಗೊಳಿಸಲಾಯಿತು. ಅದು ಹೊಸದಾಗಿ ತಯಾರಾಗುವ ಗಾಡಿಗೆ. ಐದು ಮಳೆಗಾಲ ಕಂಡ ಗಾಡಿಯನ್ನು ನೋಡುವವರಾರು?

ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಬಾಡಿಗೆಯ ಆಟೋ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕು. ಚಾಲಕರು ‘ಎಫ್.ಸಿ. ಮಾಡಿಸುವುದು’ ಎನ್ನುವುದು ಇದನ್ನೇ. ಅವರಿಗೆ ಪರೀಕ್ಷೆಯ ಬೆಲೆಯೆಂದರೆ ಶುಲ್ಕವೊಂದೇ ಅಲ್ಲ; ಸಾಲಿನಲ್ಲಿ ಕಾಯುತ್ತ ಕಳೆದುಹೋದ ಒಂದು ದಿನದ ದುಡಿಮೆ. ಸರ್ಕಾರ ವಿನಾಯಿತಿ ಕೊಡುವುದಾದರೆ ಇಲ್ಲಿ ಕೊಡಲಿ. ಶುಲ್ಕವನ್ನು ಇಳಿಸಲಿ, ಸಮಯವನ್ನು ನಿಗದಿಮಾಡಿ ಅರ್ಧ ಗಂಟೆಯಲ್ಲಿ ಮುಗಿಸಲಿ. ಆದರೆ ಪರೀಕ್ಷೆ ನಿಜವಾದ ಪರೀಕ್ಷೆಯಾಗಿರಲಿ. ಕಾಗದಕ್ಕೆ ಮೊಹರು ಒತ್ತುವುದಷ್ಟೇ ಆದರೆ ಅದು ಉಚಿತವಾಗಿ ದೊರೆತರೂ ದುಬಾರಿಯೇ.

ನಮ್ಮ ಸ್ನೇಹಿತರಿಗೆ ನಾವು ಹೀಗೆ ಉತ್ತರ ಬರೆದೆವು: “ನೀವು ಕೊಟ್ಟ ಹಣ ಹೆಚ್ಚಾಯಿತೆಂದು ದೂರಬೇಡಿ, ಅದಕ್ಕೆ ಪ್ರತಿಯಾಗಿ ಆದ ಅಳತೆ ಕಡಿಮೆಯಾಯಿತೆಂದು ದೂರಿ.” ನಮ್ಮ ಕಿರಿಯ ವಾಚಕರಿಗೂ ನಾವು ಹೇಳುವುದು ಇದನ್ನೇ. ನಿಮ್ಮ ಮನೆಯಲ್ಲಿ ವಿದ್ಯುತ್ ಸ್ಕೂಟರು ಇದ್ದರೆ ಕಾನೂನು ಕರೆಯುವವರೆಗೆ ಕಾಯದೆ, ಮಳೆಗಾಲ ಕಳೆದೊಡನೆ ಅದರ ಬ್ರೇಕು, ಟೈರು, ತಂತಿಗಳನ್ನು ಬಲ್ಲವರಿಂದ ಒಮ್ಮೆ ನೋಡಿಸಿರಿ. ಹೊಗೆಯಿಲ್ಲದ ಗಾಡಿ ಗಾಳಿಗೆ ಒಳ್ಳೆಯದು. ದಾರಿಯಲ್ಲಿ ನಡೆಯುವವರಿಗೂ ಅದು ಒಳ್ಳೆಯದಾಗಬೇಕಾದರೆ ಅದನ್ನು ಕಾಲಕಾಲಕ್ಕೆ ಅಳೆದು ನೋಡಲೇಬೇಕು.